ಮಡಕೆ ಗಾಡಿಗೆ ಬಂದ ಹೆಡ್‌ರೆಸ್ಟ್

ಕುಂಬಾರ ಮುದ್ದಯ್ಯನ ಹಳೇ ಪಿಕಪ್ ಗಾಡಿಯ ಉದ್ದ ಸೀಟಿಗೆ, ಮನುಷ್ಯನ ಭುಜದಿಂದ ಮೇಲೆ ಏನಿರುತ್ತದೆ ಎಂಬುದೇ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಅದಕ್ಕೆ ಒರಗಿದ್ದು ಬರೀ ಬೆನ್ನು. ಹಾಗಾಗಿ ಮುದ್ದಯ್ಯನ ಹೆಂಡತಿ ತಾಯಮ್ಮ ಹಟ ಹಿಡಿದು ಅದರ ನೆತ್ತಿಗೆ ಎರಡು ಹೆಡ್‌ರೆಸ್ಟ್ ಹಾಕಿಸಿದಾಗ ಸೀಟಿಗೆ ಎಲ್ಲಿಲ್ಲದ ಕುತೂಹಲ.

"ತಾವು ಯಾವ ಕೆಲಸಕ್ಕೆ ಬಂದಿರಿ?" ಎಂದು ಕೇಳಿತು.

"ತಲೆ ಕಾಯುವುದಕ್ಕೆ" ಎಂದಿತು ಒಂದು ಹೆಡ್‌ರೆಸ್ಟ್.

"ಬೆಳಗಿನಿಂದ ನೋಡುತ್ತಿದ್ದೇನೆ, ಆ ತಲೆ ತಮ್ಮನ್ನು ಮುಟ್ಟಿಯೇ ಇಲ್ಲವಲ್ಲ!"

"ಹಿಂದೆ ಮಡಕೆಗಳ ನಡುವೆ ಹುಲ್ಲು ತುರುಕಿದ್ದಾನಲ್ಲ, ಅದು ಈಗ ಯಾವ ಕೆಲಸ ಮಾಡುತ್ತಿದೆ ಹೇಳಿ."

ಸೀಟು ಯೋಚನೆಗೆ ಬಿತ್ತು. ಉತ್ತರ ಹೊಳೆಯುವ ಮೊದಲೇ ಮುದ್ದಯ್ಯ ಗಾಡಿ ನಿಲ್ಲಿಸಿ ಸಿಡುಕಿದ: "ಥೂ, ಇವು ಅಡ್ಡ ಬಂದು, ತಿರುಗಿ ನೋಡಿದರೆ ನನ್ನ ಮಡಕೆಗಳೇ ಕಾಣುವುದಿಲ್ಲ." ಎರಡನ್ನೂ ಕಿತ್ತು, ಹೇಗೂ ಮೆತ್ತಗಿವೆಯೆಂದು ದೊಡ್ಡ ಮಡಕೆಗಳ ಸಂದಿಗೆ ತುರುಕಿದ.

ಮುಂದೆ ರೈಲ್ವೆ ಗೇಟ್ ಹಾಕಿತ್ತು. ಗಾಡಿ ನಿಂತಿದ್ದಾಗ ಹಿಂದಿನಿಂದ ಟ್ರ್ಯಾಕ್ಟರೊಂದು ಬಂದು ಗುದ್ದಿತು. ಮುದ್ದಯ್ಯನ ಬೆನ್ನನ್ನು ಸೀಟು ಗಟ್ಟಿಯಾಗಿ ಹಿಡಿದುಕೊಂಡಿತು. ಭುಜದ ಮೇಲಿದ್ದದ್ದು ಮಾತ್ರ ಅದರ ಕೈಗೆ ಸಿಗದೆ ರಪ್ಪನೆ ಹಿಂದಕ್ಕೆ ಹೋಗಿ ಬಂತು.

"ಹುಲ್ಲಿನ ಕೆಲಸ ಈಗ ತಿಳಿಯಿತು!" ಎಂದು ಸೀಟು ಹಿಂದಕ್ಕೆ ಕೂಗಿತು.

ಅಷ್ಟರಲ್ಲಿ ಟ್ರ್ಯಾಕ್ಟರಿನವನು ಗಾಬರಿಯಿಂದ ಓಡಿ ಬಂದು, ಮಡಕೆಗಳನ್ನೆಲ್ಲ ತಟ್ಟಿ ನೋಡಿ, ನಿಟ್ಟುಸಿರು ಬಿಟ್ಟ.

"ಯಜಮಾನ್ರೇ, ಒಂದೂ ಬಿರುಕು ಬಿಟ್ಟಿಲ್ಲ. ಬೇಕಾದರೆ ತಿರುಗಿ ನೋಡಿ!"

ಮುದ್ದಯ್ಯ ತಿರುಗಿ ನೋಡಲು ಹೋದ. ಕತ್ತು ತಿರುಗಲಿಲ್ಲ.