ಮಾವನವರ ಹೆಸರಿನ ತುಂಬೆ ಗಿಡಗಳು

ನಮ್ಮ ಬಡಾವಣೆಯ ಪಾರ್ಕಿನ ಒಂಬತ್ತು ಕಲ್ಲುಬೆಂಚುಗಳ ಮೇಲೂ ನಮ್ಮ ಮನೆತನದ ಹಿರಿಯರ ಹೆಸರಿದೆ. ಮೂರು ತಲೆಮಾರಿನಿಂದ ನಮಗೆ ಯಾರೂ ಎದುರಾಡಿಲ್ಲ. ಮೊನ್ನೆ ಅಲ್ಲಿ ತುಂಬೆ ಗಿಡ ಕಾಡಿನಂತೆ ಬೆಳೆದು ಜೇನು ಮುತ್ತಿತ್ತು.

"ನಾಳೆಯೊಳಗೆ ಎಲ್ಲ ಕಿತ್ತುಹಾಕು" ಎಂದು ಮಾಲಿಗೆ ಹೇಳಿದೆ.

"ಹೂವಿಲ್ಲದಿದ್ರೆ ಜೇನು ಹೊಟ್ಟೆಗೇನು ಮಾಡ್ಬೇಕು, ಅಮ್ಮಾವ್ರೇ?"

"ಅದು ನಿನಗೆ ಬೇಡದ ವಿಷಯ."

ಮರುದಿನ ನೋಡಿದರೆ ಗಿಡಗಳು ಅಲ್ಲೇ ಇವೆ! ಮುಂದೆ ಹೊಸ ಫಲಕ: "ದಿವಂಗತ ಗುರುಶಾಂತಪ್ಪನವರ ಸ್ಮರಣಾರ್ಥ ಜೇನುತೋಟ." ಅವರು ನನ್ನ ಮಾವನವರು. ವಾಕಿಂಗಿಗೆ ಬಂದವರೆಲ್ಲ ನನಗೆ ಕೈಮುಗಿಯುತ್ತಿದ್ದರು.

ಅವರೆದುರೇ ಮಾಲಿ ಕೇಳಿದ: "ಗುದ್ದಲಿ ತಂದಿದ್ದೀನಿ ಅಮ್ಮಾವ್ರೇ. ಮೊದಲು ದೊಡ್ಡ ಯಜಮಾನರ ಹೆಸರು ಕೀಳಲಾ, ಗಿಡ ಕೀಳಲಾ?"

ಮಾವನವರ ಹೆಸರು ಕೀಳಿಸಿದ ಸೊಸೆ ಎನ್ನಿಸಿಕೊಳ್ಳಲೇ? ಗಿಡ ಇರಲಿ, ಫಲಕವೂ ಇರಲಿ. ಆದರೆ ಕಾನ್ವೆಂಟಿನಲ್ಲಿ ಶಿಸ್ತು ಕಲಿತವಳು ನಾನು. ನನ್ನನ್ನು ಕೇಳದೆ ಫಲಕ ನೆಟ್ಟಿದ್ದಕ್ಕೆ ಮಾಲಿ ನನ್ನಲ್ಲಿ ಲಿಖಿತವಾಗಿ ಕ್ಷಮೆ ಕೇಳಬೇಕು.