ಎಸರಿಟ್ಟ ಮನೆ

ಇನ್ನಾಸಿ ಹುಡುಗನಾಗಿದ್ದಾಗ ಮೊದಲ ಸಲ ಊರು ಬಿಟ್ಟು ನಡೆದದ್ದು ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ಒಂದು ವಿಭೂತಿ ಬುಧವಾರ. ಬೆಳಗ್ಗೆ ಪಾದ್ರಿಗಳು ಹಣೆಗೆ ಹಚ್ಚಿದ ಬೂದಿ ಇನ್ನೂ ಅಳಿಸಿರಲಿಲ್ಲ. ಶಾಲೆಯಲ್ಲಿ ಧರ್ಮಪಾಠ ಹೇಳುವ ಉಪದೇಶಿಗಳು, ದೇವರಲ್ಲಿ ದಿನದ ಅನ್ನ ಬೇಡುವ ಜಪ ಹೇಳು ಎಂದಾಗ, "ನೆನ್ನೆ ಕೇಳಿದ್ದೇ ಇನ್ನೂ ಬಂದಿಲ್ಲ, ಇವತ್ತಿಂದು ಯಾಕೆ ಕೇಳ್ಲಿ ಸಾ?" ಎಂದುಬಿಟ್ಟಿದ್ದ. ಬೆತ್ತ ಬಿತ್ತು. ಸ್ಲೇಟನ್ನು ಬೇಲಿಗೆ ಸಿಕ್ಕಿಸಿ ನಡೆದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಸವೆದ ಬೀಸುಕಲ್ಲು, ಒರಳುಕಲ್ಲುಗಳಿಗೆ ಉಳಿಯಿಂದ ಹೊಸ ಹಲ್ಲು ಹೊಡೆದುಕೊಡುವ ಕೆಲಸ ಕಲಿತ. ಊರೂರು ತಿರುಗುವವನಿಗೆ ಅದಕ್ಕಿಂತ ಹಗುರವಾದ ಕಸುಬಿಲ್ಲ. ಒಂದು ಸುತ್ತಿಗೆ, ಎರಡು ಉಳಿ, ಒಂದು ಚೀಲ.

ಸನ್ಯಾಸಿನಿ ಪೂಜ್ಯ ಮಾತೆ ಬ್ರಿಜಿತಮ್ಮನವರು ಆ ಕಾಲದಲ್ಲಿ ಬಂಡೆದೊಡ್ಡಿಯ ಹೊರಗೆ, ಹಾಳುಬಿದ್ದ ದನದ ಕೊಟ್ಟಿಗೆಯೊಂದರಲ್ಲಿ ವಾಸವಾಗಿದ್ದರು. ಯಾರಿಗೂ ಬೇಡವಾದ ಮುದುಕ ಮುದುಕಿಯರನ್ನು ಕೈಹಿಡಿದು ತಂದು ಸಾಕುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಮತ ಕೇಳುತ್ತಿರಲಿಲ್ಲ. "ಹಸಿದಿದ್ದೀಯಾ?" ಎಂಬುದೊಂದೇ ಅವರ ಪ್ರಶ್ನೆ. ಸುತ್ತಲಿನ ಜನ ಅವರನ್ನು ಮದರಮ್ಮ ಎಂದೇ ಕರೆಯುತ್ತಿದ್ದರು. ಈಗ ಅಲ್ಲಿ ತಾರಸಿ ಕಟ್ಟಡ ಎದ್ದಿದೆ, ಹಬ್ಬದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಬಣ್ಣದ ದೀಪಗಳಲ್ಲಿ ಮಿನುಗುತ್ತದೆ. ಆಗಿನ ಗೋದಲಿ ಎಂದರೆ ಜೇಡಿಮಣ್ಣಿನ ಬಾಲಯೇಸು, ಮಣ್ಣಿನ ಕುರಿಗಳು, ತೆಂಗಿನ ಚಿಪ್ಪುಗಳಲ್ಲಿ ಮೊಳಕೆ ಬರಿಸಿದ ರಾಗಿಯ ಹಸಿರು. ಅಷ್ಟರಲ್ಲೇ ಕಣ್ಣು ತುಂಬುತ್ತಿತ್ತು.

ಅಂಥದೊಂದು ಕ್ರಿಸ್ತಜಯಂತಿಯ ಹಿಂದಿನ ದಿನ, ಸೋನೆ ಹಿಡಿದ ಇಳಿಹೊತ್ತಿನಲ್ಲಿ, ಇನ್ನಾಸಿ ಆ ಬಾಗಿಲಿಗೆ ಬಂದು ನಿಂತ. ಅವನ ತಾಯಿ ಜ್ಞಾನಮ್ಮನಿಗೆ ಕಣ್ಣು ಹೋಗಿದೆ, ಮದರಮ್ಮನವರ ಬಳಿ ಇದ್ದಾಳೆ ಎಂದು ಯಾವುದೋ ಸಂತೆಯಲ್ಲಿ ಕೇಳಿ ತಿಳಿದಿದ್ದ. ಅವನು ಬಾಯಿ ತೆರೆಯುವ ಮೊದಲೇ ಒಳಗಿದ್ದ ತಾಯಿ ಗುರುತಿಸಿದಳು.

"ಇನ್ನಾಸಿ ಅಲ್ವೇನ್ಲಾ? ನಿನ್ನ ಕಾಲಿನ ಸದ್ದು ನಂಗೊತ್ತು. ಒಂದು ಕಡೆ ನಿಲ್ಲೋ ಸದ್ದೇ ಅಲ್ಲ ಅದು."

ಒಲೆಯ ಮೇಲೆ ದೊಡ್ಡ ಮಡಕೆಯಲ್ಲಿ ಮುದ್ದೆಗೆ ಎಸರು ಕುದಿಯುತ್ತಿತ್ತು. ಹಸಿದು ಬಂದಿದ್ದ ಇನ್ನಾಸಿ ಹಿಟ್ಟಿನ ಡಬ್ಬ ಹುಡುಕಿದ. ಖಾಲಿ. ಮೂಲೆಯ ಮೊರ ಖಾಲಿ. ಆ ಮನೆಯಲ್ಲಿದ್ದ ರಾಗಿಯೆಂದರೆ ಗೋದಲಿಯ ಚಿಪ್ಪಿನಲ್ಲಿ ಮೊಳೆತದ್ದು ಮಾತ್ರ.

"ಹಿಟ್ಟೆಲ್ಲಿ ಮದರಮ್ಮ?"

"ಬರುತ್ತೆ."

"ಯಾರು ತತ್ತಾರೆ?"

"ಅದನ್ನು ನೋಡಿಕೊಳ್ಳುವವನು ಬೇರೆ ಇದ್ದಾನೆ," ಎಂದರು ಮಾತೆಯವರು. "ಎಸರಿಡುವುದು ನಮ್ಮ ಪಾಲು."

ಗೋಡೆಗೊರಗಿದ್ದ ಮುದುಕ ಚೌರಪ್ಪ ಕಿಸಕ್ಕನೆ ನಕ್ಕ. "ಒಂದ್ಸಲ ಹಿಂಗೇ ಎಸರಿಟ್ಟು ಬರೀ ಬಿಸಿನೀರು ಕುಡಿದು ಮಲಗಿದ್ವಿ ಕಣಪ್ಪ. ಆದ್ರೂ ನೀರು ಚೆಂದಾಗಿ ಕುದ್ದಿತ್ತು!"

ಇನ್ನಾಸಿಗೆ ನಗು ಬರಲಿಲ್ಲ. ಕಣ್ಣಿಲ್ಲದ ತಾಯಿ ಹಬ್ಬದ ರಾತ್ರಿಯೂ ನೀರು ಕುಡಿದು ಮಲಗಬೇಕೆ? ಚಿಕ್ಕಂದಿನ ಸಿಟ್ಟು ಬೂದಿಯ ಕೆಳಗಿನ ಕೆಂಡದಂತೆ ಮೇಲೆದ್ದಿತು. "ಸೌದೆನಾದ್ರೂ ಉಳಿಸಿ," ಎಂದು ಉರಿಯುತ್ತಿದ್ದ ಕೊಳ್ಳಿಯೊಂದನ್ನು ಹೊರಗೆಳೆದ. ಬ್ರಿಜಿತಮ್ಮನವರು ಅದನ್ನು ಮತ್ತೆ ಒಲೆಯೊಳಕ್ಕೆ ತಳ್ಳಿದರು. ಅವನು ತಾಯಿಯ ರಟ್ಟೆ ಹಿಡಿದ.

"ಏಳವ್ವ. ಪ್ಯಾಟೆಗೋಗಣ. ಅಲ್ಲಿ ಹೋಟ್ಲು ಅದೆ."

"ಬಿಡ್ಲಾ. ಎಸರು ಕುದೀತಾ ಇರೋ ಮನೆಯಿಂದ ಎದ್ದೋಗಕಾಯ್ತದಾ?"

ಅಷ್ಟರಲ್ಲಿ ಬಾಗಿಲಲ್ಲಿ ಕಂಬಳಿ ಕೊಪ್ಪೆ ಹೊದ್ದ ಒಬ್ಬರು ನಿಂತು ಕೂಗಿದರು. ಕುರಿ ಕಾಯುವ ಬೀರೇಗೌಡರು.

"ಯಾರವ್ವಾ ಒಳಗೆ? ಹೊಗೆ ಕಂಡು ಬಂದೆ. ಹೊಲದಲ್ಲಿ ಮಂದೆ ನಿಲ್ಸಿದ್ದೀವಿ. ನಮ್ಮ ಸೊಸೆ ಹಸಿ ಬಾಣಂತಿ. ಸೌದೆಯೆಲ್ಲ ನೆಂದು ತೊಪ್ಪೆಯಾಗದೆ. ಒಂದು ಚೊಂಬು ಬಿಸಿನೀರು ಕೊಟ್ಟೀರಾ?"

"ಚೊಂಬು ಯಾಕಪ್ಪ? ಅವಳನ್ನೇ ಕರೆತನ್ನಿ," ಎಂದರು ಮಾತೆಯವರು.

ಬಾಣಂತಿ ಬಂದಳು, ಕಂಬಳಿಯೊಳಗೆ ಕೂಸು ಬಂತು. ಹಿಂದೆಯೇ ಬೀರೇಗೌಡರ ಹೆಗಲ ಮೇಲೆ ಒಂದು ಮೂಟೆ ಬಂತು. ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ನಿಲ್ಲಿಸಿದ್ದಕ್ಕೆ ಹೊಲದೊಡೆಯರು ಅಳೆದುಕೊಟ್ಟ ರಾಗಿ. "ಕಾಳದೆ, ಒಲೆ ಇಲ್ಲ ಕಣವ್ವ," ಎಂದು ಅವರು ಅದನ್ನು ಇಳಿಸಿದರು. ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು.

ಚೌರಪ್ಪ ಮಾತ್ರ ತಲೆಯಾಡಿಸಿದ. "ಕಾಳು ಬಂತು, ಸರಿ. ಬೀಸೋದ್ಯಾವುದ್ರಲ್ಲಿ? ನಮ್ಮ ಕಲ್ಲಿಗೆ ನನ್ನಂಗೇ ಒಂದು ಹಲ್ಲಿಲ್ಲ."

ದಾನಿಗಳು ಬಿಟ್ಟಿ ಹಿಟ್ಟು ಕಳಿಸುತ್ತಿದ್ದ ದಿನಗಳಲ್ಲಿ ಆ ಬೀಸುಕಲ್ಲು ಮೂಲೆ ಸೇರಿತ್ತು. ಸವೆದು, ಹೊಳೆಯ ಗುಂಡಿನಂತೆ ನುಣ್ಣಗಿತ್ತು. ನೋಡಿದಿರಾ, ನಾನು ಹೇಳಲಿಲ್ಲವೇ ಎಂಬ ಮಾತು ಇನ್ನಾಸಿಯ ನಾಲಿಗೆಯ ತುದಿಗೆ ಬಂದಿತ್ತು. ಮಾತೆಯವರು ಅವನ ಕಡೆ ತಿರುಗಿದರು.

"ಇನ್ನಾಸಿ, ನಿನ್ನ ಉಳಿ ಎಲ್ಲಿ?"

ಅಷ್ಟೇ. ಇನ್ನಾಸಿ ತನ್ನ ಚೀಲ ಮುಟ್ಟಿ ನೋಡಿಕೊಂಡ. ರಾಗಿ ಬರುವ ಮೊದಲೇ ಕಲ್ಲಿಗೆ ಹಲ್ಲು ಹೊಡೆಯುವವನು ಬಂದಿದ್ದ. ತಾನಾಗಿಯೇ ತಿರುಗುತ್ತಿದ್ದೇನೆಂದು ಇಷ್ಟು ವರ್ಷ ಬೀಗಿದವನಿಗೆ, ಆ ಹೊತ್ತು ಆ ಬಾಗಿಲಿಗೆ ತನ್ನನ್ನು ಯಾರೋ ಕೈಹಿಡಿದು ತಂದು ಬಿಟ್ಟರೆನಿಸಿತು. ಚೀಲ ಬಿಚ್ಚಿ ಕಲ್ಲಿನ ಮುಂದೆ ಕುಳಿತ. ಟಣ್ ಟಣ್ ಸದ್ದಿಗೆ ಕೂಸು ಎಚ್ಚೆತ್ತು ಅತ್ತಿತು. ಜ್ಞಾನಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು ತಟ್ಟಿದಳು. ಹಲ್ಲೆದ್ದ ಕಲ್ಲನ್ನು ತೊಳೆದು, ಕಲ್ಲಿನ ಪುಡಿ ಹೋಗಲೆಂದು ಮೊದಲ ಹಿಡಿ ಕಾಳನ್ನು ಬೀಸಿ ಚೆಲ್ಲಿದ. ಆಮೇಲೆ ಬಂದದ್ದು ಬೂದಿಯಷ್ಟು ನುಣುಪಾದ ಹಿಟ್ಟು.

ಎಸರು ಆಗಲೂ ಕುದಿಯುತ್ತಲೇ ಇತ್ತು.

ಕುರಿಯವರು, ಮುದುಕರು, ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತರು. ಜ್ಞಾನಮ್ಮ ಬಿಸಿಮುದ್ದೆಯ ಮೊದಲ ತುತ್ತು ಮುರಿದು, ಹಿತ್ತಲ ಸೊಪ್ಪಿನ ಸಾರಿನಲ್ಲಿ ಅದ್ದಿ, ಮಗನ ಬಾಯಿಯನ್ನು ಕೈಯಿಂದಲೇ ತಡಕಿ ಇಟ್ಟಳು.

"ನೆನ್ನೆ ಕೇಳಿದ್ದು ಬಂತೇನ್ಲಾ?"

ಅವನ ಬಾಯಿ ತುಂಬಿತ್ತು. ಕಣ್ಣೂ ತುಂಬಿತು. ಶಾಲೆಯ ಬೇಲಿಯ ಬಳಿ ಬಿಟ್ಟುಹೋಗಿದ್ದ ಜಪ ಆ ರಾತ್ರಿ ಅವನ ಬಾಯಿಗೆ ಮರಳಿತು.

ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಇನ್ನಾಸಿ ಗಂಟು ಕಟ್ಟತೊಡಗಿದ. ಬ್ರಿಜಿತಮ್ಮನವರು ತಡೆಯಲಿಲ್ಲ. ಅವನೇ ಬಂದು ಕೈಯೊಡ್ಡಿದ.

"ಒಂದು ಹಿಡಿ ರಾಗಿ ಕೊಡಿ ಮದರಮ್ಮ."

"ದಾರಿಗೆ ಬುತ್ತಿ ಇದೆಯಲ್ಲಪ್ಪ?"

"ನಂಗಲ್ಲ. ಎಲ್ಲೋ ಯಾರ ಮನೇಲೋ ಎಸರು ಕುದೀತಾ ಇರ್ತದೆ."

ಮಾತೆಯವರು ಅವನ ಚೀಲಕ್ಕೆ ರಾಗಿ ಸುರಿದು, ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದರು.

"ಮತ್ಯಾವಾಗ್ಲಾ?" ಎಂದಳು ಜ್ಞಾನಮ್ಮ.

ಇನ್ನಾಸಿ ಮಡಕೆಗೆ ನೀರು ತುಂಬಿ ಒಲೆಯ ಮೇಲಿಟ್ಟ. ಕೊಳ್ಳಿಯನ್ನು ಒಳಕ್ಕೆ ತಳ್ಳಿ, ಬಗ್ಗಿ ಊದಿದ. ಹೊಗೆ ಮೇಲೆದ್ದದ್ದು ನೋಡಿ, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಬಿಗಿದ.

"ಎಸರಿಟ್ಟಿರವ್ವ. ಬತ್ತೀನಿ."