ಕಚ್ಚದ ಇರುವೆ

“ಗುರುಗಳೇ, ಮರುಳಸಿದ್ಧನನ್ನು ಬೇರೆ ಮಠಕ್ಕೆ ಕಳಿಸಿಬಿಡಬಾರದೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಇದೇ ಪ್ರಶ್ನೆಯನ್ನು ಅವನು ನಿನ್ನೆಯೂ ಕೇಳಿದ್ದ, ಮೊನ್ನೆಯೂ ಕೇಳಿದ್ದ. ಚನ್ನವೀರ ಪ್ರವಚನ ಹೇಳಲು ಶುರುಮಾಡಿದಾಗಿನಿಂದ ಜೊತೆಯ ಶಿಷ್ಯ ಮರುಳಸಿದ್ಧ ಪ್ರತಿ ಸಲವೂ ತಪ್ಪು ಎತ್ತಿ ತೋರಿಸುತ್ತಿದ್ದ. ಇವತ್ತು ಭಕ್ತರ ಎದುರಿಗೇ ತೋರಿಸಿದ್ದ.

“ಉಳಿದ ಶಿಷ್ಯರೆಲ್ಲ ಹೊಗಳುತ್ತಾರೆ. ಇವನೊಬ್ಬನ ಕಾಟ ತಡೆಯಲಾಗುತ್ತಿಲ್ಲ,” ಎಂದ ಚನ್ನವೀರ. ಅವನ ಕೈಯಲ್ಲಿ ಭಕ್ತರು ಕೊಟ್ಟ ಖರ್ಜೂರದ ತಟ್ಟೆ ಇತ್ತು. ಅದರಲ್ಲಿ ಬೀಜಗಳಷ್ಟೇ ಉಳಿದಿದ್ದವು.

ಗುರುಗಳು ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಟ್ಟರು. “ಎಷ್ಟು ಸಲ ಹೇಳಿದರೂ ನಿನ್ನ ತಲೆಗೆ ಹೋಗುವುದಿಲ್ಲ. ಕತೆಯಾದರೂ ಹೋಗುತ್ತದೇನೋ, ಕೂತುಕೋ,” ಎಂದು ಹೇಳತೊಡಗಿದರು.

ಮರಳುಗಾಡಿನ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಖರ್ಜೂರದ ತೋಟವೊಂದೇ ಅವನ ಮನೆಗೆ ಅನ್ನ. ಆ ಊರಲ್ಲಿ ಒಂದು ಪದ್ಧತಿ. ಮರ ಹೂ ಬಿಡುವ ಮುಂಚೆ ಬೆಟ್ಟಕ್ಕೆ ಹೋಗಿ ಕೆಂಪಿರುವೆಯ ಗೂಡುಗಳನ್ನು ಕೊಂಬೆಸಮೇತ ಕಡಿದು ತಂದು ಖರ್ಜೂರದ ಮರಗಳಿಗೆ ಕಟ್ಟುತ್ತಿದ್ದರು. ಮರದಿಂದ ಮರಕ್ಕೆ ಹಗ್ಗ ಎಳೆಯುತ್ತಿದ್ದರು. ಇರುವೆಗಳು ಹಗ್ಗದ ಮೇಲೆ ಓಡಾಡಿಕೊಂಡು ಗರಿಯ ಹುಳುಗಳನ್ನೂ ರಸ ಹೀರುವ ತಿಗಣೆಗಳನ್ನೂ ತಿನ್ನುತ್ತಿದ್ದವು.

ಖರ್ಜೂರಕ್ಕೆ ಇನ್ನೊಂದು ಕೆಲಸ ಉಂಟು. ಗಂಡುಮರದ ಹೂ ಕಿತ್ತು, ಹೆಣ್ಣುಮರ ಹತ್ತಿ, ಅದರ ಹೂಗೊಂಚಲಿಗೆ ಕೈಯಾರೆ ಕಟ್ಟಬೇಕು. ಕಟ್ಟದಿದ್ದರೆ ಬೆಳೆಯಿಲ್ಲ. ರೈತ ಹತ್ತಿದಾಗಲೆಲ್ಲ ಕೆಂಪಿರುವೆಗಳು ಅವನನ್ನೂ ಬಿಡಲಿಲ್ಲ. ಕತ್ತು, ಕಂಕುಳು, ಕಿವಿ, ಎಲ್ಲೆಂದರಲ್ಲಿ ಕಚ್ಚಿದವು. ಮರದ ಮೇಲೆ ಕೆರೆದುಕೊಳ್ಳಲು ಕೈ ಎಲ್ಲಿಂದ ಬರಬೇಕು? ಒಂದು ದಿನ ಅವನ ತಾಳ್ಮೆ ಕೆಟ್ಟಿತು. ಹಗ್ಗ ಕತ್ತರಿಸಿದ, ಗೂಡುಗಳನ್ನು ಕಿತ್ತು ಬೆಂಕಿಗೆ ಹಾಕಿದ.

“ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಿರಲ್ಲ. ಇನ್ನು ತೋಟ ಕಾಯುವವರು ಯಾರು?” ಎಂದಳು ಹೆಂಡತಿ.

“ಇರುವೆಯೇ ಬೇಡ ಎಂದೆನೇ? ಕಚ್ಚುವ ಇರುವೆ ಬೇಡ ಎಂದೆ,” ಎಂದ ರೈತ.

ಹುಡುಕಿದರೆ ಏನು ಸಿಗುವುದಿಲ್ಲ? ಊರ ಬೇಲಿಯಲ್ಲಿ ಸಣ್ಣ ಕಪ್ಪಿರುವೆಗಳು ಸಿಕ್ಕವು. ಮೈಮೇಲೆ ಹರಿದರೂ ಕಚ್ಚುವುದಿಲ್ಲ. ಅವನ್ನೇ ತಂದು ಮರಗಳಿಗೆ ಬಿಟ್ಟ. ಅವು ದಿನವಿಡೀ ಸಾಲುಗಟ್ಟಿ ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ಎಷ್ಟು ದುಡಿಯುತ್ತವೆ ಎಂದು ರೈತ ಹಿಗ್ಗಿದ. ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದ.

ಗರಿ ಹಳದಿಯಾಯಿತು. ಬಿಸಿಲು ಜಾಸ್ತಿ ಎಂದ. ಕಾಯಿ ಉದುರಿತು. ಗಾಳಿ ಜಾಸ್ತಿ ಎಂದ. ಹೇಳಿ ಹೇಳಿ ಸಾಕಾದ ಹೆಂಡತಿ ತಾನೇ ಒಂದು ಗರಿ ಕಡಿದು ತಂದು, ಮಗುಚಿ ಅವನ ಮುಖದ ಮುಂದೆ ಹಿಡಿದಳು. ಅಡಿಯಲ್ಲಿ ಬಿಳಿ ತಿಗಣೆಗಳು ಒತ್ತಾಗಿ ಕೂತು ರಸ ಹೀರುತ್ತಿದ್ದವು. ಅವು ಬಿಡುವ ಸಿಹಿ ಅಂಟನ್ನು ಕಪ್ಪಿರುವೆಗಳು ನೆಕ್ಕುತ್ತಿದ್ದವು. ತಿಗಣೆಯನ್ನು ತಿನ್ನಲು ಬಂದ ಗುಲಗಂಜಿ ಹುಳುವನ್ನು ಎಲ್ಲ ಸೇರಿ ಅಟ್ಟುತ್ತಿದ್ದವು. ಆಗ ಮಾತ್ರ ಅವಕ್ಕೂ ಕಚ್ಚಲು ಚೆನ್ನಾಗಿಯೇ ಬರುತ್ತಿತ್ತು.

ಆ ವರ್ಷ ತೋಟದಿಂದ ಒಂದು ಹಣ್ಣೂ ಮನೆಗೆ ಬರಲಿಲ್ಲ. ಎಷ್ಟೋ ಮರಗಳು ಸುಳಿ ಒಣಗಿ ಸತ್ತವು. ರೈತನ ಮೈಮೇಲೆ ಮಾತ್ರ ಒಂದು ಗಾಯವೂ ಇರಲಿಲ್ಲ.

ಕತೆ ಕೇಳಿ ಚನ್ನವೀರ ನಕ್ಕ. “ಎಂಥ ದಡ್ಡ, ಗುರುಗಳೇ. ಗರಿ ಮಗುಚಿ ನೋಡುವುದಕ್ಕೆ ಅವನಿಗೇನಾಗಿತ್ತು?” ಎಂದ.

ಗುರುಗಳು ಹಣೆ ಚಚ್ಚಿಕೊಂಡು, ಅವನ ಕೈಯಲ್ಲಿದ್ದ ತಟ್ಟೆಯನ್ನು ತೋರಿಸಿ, “ಇವತ್ತು ನಿನ್ನನ್ನು ಹೊಗಳಿದವರೆಲ್ಲ ಇದಕ್ಕೆ ಕೈ ಹಾಕಿದರಲ್ಲ, ಮರುಳಸಿದ್ಧ ಒಂದು ಹಣ್ಣಾದರೂ ಮುಟ್ಟಿದನೇ?” ಎಂದರು.

ಚನ್ನವೀರ ತಟ್ಟೆಯಲ್ಲಿ ಉಳಿದಿದ್ದ ಬೀಜಗಳನ್ನು ನೋಡಿದ.